ಬೇಲಿಯೇ ಹೊಲ ಮೇಯಲು ಹೊರಟಾಗ: ಗ್ರೀನ್‌ಲ್ಯಾಂಡ್ ವಿವಾದ ಡೆನ್ಮಾರ್ಕ್‌ಗೆ ಕಲಿಸಿದ ಪಾಠ

2026ರ ಜನವರಿ ಕೊನೆಯ ವಾರ. ಡೆನ್ಮಾರ್ಕ್ ರಾಜಧಾನಿ ಕೋಪನ್‌ಹೇಗನ್‌ನಲ್ಲಿರುವ ಅಮೆರಿಕದ ರಾಯಭಾರ ಕಚೇರಿಯ ಹೊರಗಿನ ಹೂಕುಂಡಗಳಲ್ಲಿ 44 ಪುಟ್ಟ ಡ್ಯಾನಿಶ್ ಧ್ವಜಗಳು ಕಾಣಿಸಿಕೊಂಡವು. ಒಂದೊಂದು ಧ್ವಜದ ಮೇಲೂ ಒಬ್ಬ ಸೈನಿಕನ ಹೆಸರು. ಅಫ್ಘಾನಿಸ್ತಾನದಲ್ಲಿ ಅಮೆರಿಕದ ಜೊತೆ ನಿಂತು ಹೋರಾಡಿ ಮಡಿದವರ ಹೆಸರುಗಳವು. ರಾಯಭಾರ ಕಚೇರಿಯ ಸಿಬ್ಬಂದಿ ಅವನ್ನು ಕಿತ್ತು ತೆಗೆದರು. ಸುದ್ದಿ ಹಬ್ಬಿ ಜನ ಕೆರಳಿದಾಗ, ಅದರ ಹಿಂದೆ ಕೆಟ್ಟ ಉದ್ದೇಶವಿರಲಿಲ್ಲ ಎಂದು ಕಚೇರಿ ವಿವರಣೆ ಕೊಟ್ಟಿತು. ಆದರೆ ನೋವು ಅಲ್ಲಿಗೆ ಮುಗಿಯಲಿಲ್ಲ. ಜನವರಿ 31ರಂದು ಸಾವಿರಾರು ಮಂದಿ ಮಾಜಿ ಸೈನಿಕರು ಮತ್ತು ಅವರ ಕುಟುಂಬದವರು ಕೋಪನ್‌ಹೇಗನ್ ಬೀದಿಗಳಲ್ಲಿ ಮೌನವಾಗಿ ಹೆಜ್ಜೆ ಹಾಕಿದರು.

ಅವರ ಸಿಟ್ಟಿಗೆ ಕಾರಣ ಬರೀ ಧ್ವಜಗಳಲ್ಲ. ಅದಕ್ಕೆ ಕೆಲವೇ ದಿನ ಮೊದಲು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಂದರ್ಶನವೊಂದರಲ್ಲಿ, ಅಫ್ಘಾನಿಸ್ತಾನದಲ್ಲಿ ನ್ಯಾಟೊ ದೇಶಗಳ ಪಡೆಗಳು ಮುಂಚೂಣಿಯಿಂದ ಸ್ವಲ್ಪ ಹಿಂದೆಯೇ ಉಳಿದಿದ್ದವು ಎಂಬರ್ಥದ ಮಾತಾಡಿದ್ದರು. ಸುಮಾರು 60 ಲಕ್ಷ ಜನಸಂಖ್ಯೆಯ ಡೆನ್ಮಾರ್ಕ್ ತನ್ನ ಯೋಧರನ್ನು ಕಳಿಸಿದ್ದು ಹೆಲ್ಮಂಡ್ ಪ್ರಾಂತ್ಯಕ್ಕೆ. ಆ ಯುದ್ಧದ ಅತ್ಯಂತ ಭೀಕರ ಕಾಳಗ ನಡೆದ ಜಾಗಗಳಲ್ಲಿ ಅದೂ ಒಂದು. ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಸೈನಿಕರನ್ನು ಕಳೆದುಕೊಂಡ ಮಿತ್ರರಾಷ್ಟ್ರಗಳ ಸಾಲಿನಲ್ಲಿ ಡೆನ್ಮಾರ್ಕ್ ಇದೆ. ಅದೇ ದೇಶದ ಅಧೀನದಲ್ಲಿರುವ ಗ್ರೀನ್‌ಲ್ಯಾಂಡನ್ನು ತನಗೆ ಕೊಡಬೇಕೆಂದು ಅಮೆರಿಕ ಪಟ್ಟು ಹಿಡಿದಿದೆ.

ದೊಡ್ಡ ದೇಶದ ಜೊತೆಗಿನ ಸ್ನೇಹ ಸಣ್ಣ ದೇಶವನ್ನು ಎಷ್ಟರಮಟ್ಟಿಗೆ ಕಾಯುತ್ತದೆ? ಕಾಯಬೇಕಾದವರೇ ಕೈ ಹಾಕಿದರೆ ಏನು ಗತಿ? ಇದು ಇವತ್ತು ಡೆನ್ಮಾರ್ಕ್ ಒಂದರ ಪ್ರಶ್ನೆಯಲ್ಲ.

ಹದಿನೆಂಟು ದಿನಗಳ ಬಿಕ್ಕಟ್ಟು

ಮೊದಲು ಜನವರಿಯ ಘಟನೆಗಳನ್ನು ಒಂದರ ಹಿಂದೊಂದು ನೋಡೋಣ. ಜನವರಿ 3ರಂದು ಅಮೆರಿಕದ ಪಡೆಗಳು ವೆನೆಜುವೆಲಾಕ್ಕೆ ನುಗ್ಗಿ ಅಲ್ಲಿನ ಅಧ್ಯಕ್ಷ ನಿಕೋಲಸ್ ಮಡುರೊ ಅವರನ್ನು ಸೆರೆಹಿಡಿದವು. ಮರುದಿನವೇ ಟ್ರಂಪ್, ರಾಷ್ಟ್ರೀಯ ಭದ್ರತೆಗೆ ಗ್ರೀನ್‌ಲ್ಯಾಂಡ್ ಬೇಕೇಬೇಕು ಎಂದು ಮತ್ತೆ ಹೇಳಿದರು. ಅಲ್ಲಿಯವರೆಗೆ ಈ ಮಾತನ್ನು ಅರ್ಧ ತಮಾಷೆಯಾಗಿ ಕೇಳಿಸಿಕೊಳ್ಳುತ್ತಿದ್ದ ಯುರೋಪಿನ ನಾಯಕರಿಗೆ ಈ ಸಲ ನಗು ಬರಲಿಲ್ಲ. ಹೇಳಿದ್ದನ್ನು ಮಾಡಬಲ್ಲೆವು ಎಂದು ಅಮೆರಿಕ ಹಿಂದಿನ ದಿನವಷ್ಟೇ ತೋರಿಸಿತ್ತು.

ಡೆನ್ಮಾರ್ಕ್ ಪ್ರಧಾನಿ ಮೆಟೆ ಫ್ರೆಡರಿಕ್ಸನ್ ನೇರವಾಗಿಯೇ ಮಾತಾಡಿದರು. ಒಂದು ನ್ಯಾಟೊ ದೇಶದ ಮೇಲೆ ಅಮೆರಿಕ ಸೇನಾ ದಾಳಿ ಮಾಡಿದರೆ ನ್ಯಾಟೊ ಸೇರಿದಂತೆ ಎಲ್ಲವೂ ಅಲ್ಲಿಗೆ ನಿಂತಂತೆ ಎಂಬುದು ಅವರ ಮಾತಿನ ಸಾರ. ಜನವರಿ 6ರಂದು ಫ್ರಾನ್ಸ್, ಜರ್ಮನಿ, ಬ್ರಿಟನ್, ಇಟಲಿ, ಪೋಲೆಂಡ್, ಸ್ಪೇನ್ ನಾಯಕರು ಡೆನ್ಮಾರ್ಕ್ ಜೊತೆ ಸೇರಿ, ಗ್ರೀನ್‌ಲ್ಯಾಂಡ್ ಅಲ್ಲಿನ ಜನರಿಗೆ ಸೇರಿದ್ದು ಎಂದು ಜಂಟಿ ಹೇಳಿಕೆ ಹೊರಡಿಸಿದರು. 14ರಂದು ಡೆನ್ಮಾರ್ಕ್ ವಿದೇಶಾಂಗ ಸಚಿವ ಲಾರ್ಸ್ ಲೋಕೆ ರಾಸ್ಮುಸೆನ್ ಮತ್ತು ಗ್ರೀನ್‌ಲ್ಯಾಂಡ್ ವಿದೇಶಾಂಗ ಸಚಿವೆ ವಿವಿಯನ್ ಮೋಟ್ಸ್‌ಫೆಲ್ಟ್ ವಾಷಿಂಗ್ಟನ್‌ನಲ್ಲಿ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್, ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಅವರನ್ನು ಭೇಟಿಯಾದರು. ಮೂಲಭೂತ ಭಿನ್ನಾಭಿಪ್ರಾಯ ಹಾಗೆಯೇ ಉಳಿಯಿತು. ಮಾತುಕತೆ ಮುಂದುವರಿಸಲು ಒಂದು ಉನ್ನತ ಮಟ್ಟದ ಕಾರ್ಯತಂಡ ರಚಿಸುವುದಕ್ಕೆ ಮಾತ್ರ ಒಪ್ಪಿಗೆಯಾಯಿತು.

ಅದೇ ಹೊತ್ತಿಗೆ ಡೆನ್ಮಾರ್ಕ್ ಜೊತೆ ನಿಲ್ಲಲು ಕೆಲವು ಯುರೋಪಿಯನ್ ದೇಶಗಳು ಸಣ್ಣ ಸಂಖ್ಯೆಯಲ್ಲಿ ಸೈನಿಕರನ್ನು ಗ್ರೀನ್‌ಲ್ಯಾಂಡ್‌ಗೆ ಕಳಿಸಿದವು. 17ರಂದು ಟ್ರಂಪ್ ಸುಂಕದ ಅಸ್ತ್ರ ಪ್ರಯೋಗಿಸಿದರು. ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ಫ್ರಾನ್ಸ್, ಜರ್ಮನಿ, ಬ್ರಿಟನ್, ನೆದರ್ಲೆಂಡ್ಸ್ ಎಂಬ ಎಂಟು ದೇಶಗಳ ಸರಕಿನ ಮೇಲೆ ಫೆಬ್ರವರಿ 1ರಿಂದ ಶೇ 10, ಜೂನ್ 1ರಿಂದ ಶೇ 25 ಸುಂಕ. ಗ್ರೀನ್‌ಲ್ಯಾಂಡ್ ಖರೀದಿಯ ಒಪ್ಪಂದ ಆಗುವವರೆಗೆ ಇದು ಜಾರಿಯಲ್ಲಿರುತ್ತದೆ ಎಂದರು. ಎಂಟೂ ದೇಶಗಳು ನ್ಯಾಟೊ ಸದಸ್ಯರು. ಮಿತ್ರನ ನೆಲ ಕೊಳ್ಳಲು ಮಿತ್ರರ ಮೇಲೆಯೇ ದಂಡ ವಿಧಿಸಿದಂತಾಯಿತು.

ಐರೋಪ್ಯ ಒಕ್ಕೂಟ ಸುಮಾರು 9,300 ಕೋಟಿ ಯೂರೊ ಮೌಲ್ಯದ ಅಮೆರಿಕನ್ ಸರಕಿನ ಮೇಲೆ ಪ್ರತಿಸುಂಕ ಹಾಕುವ ಪಟ್ಟಿಯನ್ನು ಮತ್ತೆ ಮೇಜಿನ ಮೇಲಿಟ್ಟಿತು. ಐರೋಪ್ಯ ಸಂಸತ್ತು ಅಮೆರಿಕದ ಜೊತೆಗಿನ ವ್ಯಾಪಾರ ಒಪ್ಪಂದದ ಅಂಗೀಕಾರವನ್ನು ತಡೆಹಿಡಿಯಿತು. ಅಮೆರಿಕದ ಷೇರುಪೇಟೆ ಕುಸಿಯಿತು. 21ರಂದು ದಾವೋಸ್‌ನಲ್ಲಿ ಟ್ರಂಪ್, ಬಲಪ್ರಯೋಗ ಮಾಡುವುದಿಲ್ಲ ಎಂದರು. ಅಂದೇ ನ್ಯಾಟೊ ಪ್ರಧಾನ ಕಾರ್ಯದರ್ಶಿ ಮಾರ್ಕ್ ರುಟ್ಟೆ ಅವರನ್ನು ಕಂಡ ಬಳಿಕ, ಒಪ್ಪಂದದ ಚೌಕಟ್ಟು ಸಿದ್ಧವಾಗಿದೆ, ಸುಂಕ ಕೈಬಿಟ್ಟಿದ್ದೇನೆ ಎಂದು ಪ್ರಕಟಿಸಿದರು. ಬಿಕ್ಕಟ್ಟು ಎಷ್ಟು ದಿಢೀರನೆ ಏರಿತ್ತೋ ಅಷ್ಟೇ ದಿಢೀರನೆ ಇಳಿಯಿತು. ಆದರೆ ಡೆನ್ಮಾರ್ಕ್‌ನಲ್ಲಿ ಯಾರೂ ನಿಟ್ಟುಸಿರು ಬಿಟ್ಟು ಮಲಗಲಿಲ್ಲ. ಚೌಕಟ್ಟು ಸಿದ್ಧವಾದ ಕೋಣೆಯಲ್ಲಿ ಡೆನ್ಮಾರ್ಕ್ ಇರಲಿಲ್ಲ, ಗ್ರೀನ್‌ಲ್ಯಾಂಡ್ ಕೂಡ ಇರಲಿಲ್ಲ.

ಅಮೆರಿಕಕ್ಕೆ ಬೇಕಿದ್ದು ಈಗಾಗಲೇ ಇದೆ

ಗ್ರೀನ್‌ಲ್ಯಾಂಡ್ ಜಗತ್ತಿನ ಅತಿ ದೊಡ್ಡ ದ್ವೀಪ. ವಿಸ್ತೀರ್ಣ ಸುಮಾರು 21.66 ಲಕ್ಷ ಚದರ ಕಿ.ಮೀ.; ಅಂದರೆ ಭಾರತದ ಮೂರನೇ ಎರಡು ಭಾಗದಷ್ಟು. ಅದರ ಶೇ 80ರಷ್ಟು ನೆಲ ಹಿಮದಡಿ. ಜನಸಂಖ್ಯೆ ಸುಮಾರು 57 ಸಾವಿರ. ಮುಂಬೈಯ ಒಂದು ಉಪನಗರದಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನರಿದ್ದಾರೆ. ಬಹುತೇಕರು ಇನುಯಿಟ್ ಮೂಲನಿವಾಸಿಗಳು.

ಅಮೆರಿಕಕ್ಕೆ ಇಲ್ಲಿ ಆಸಕ್ತಿ ಇರುವುದು ಸಹಜ. ರಷ್ಯಾದಿಂದ ಅಮೆರಿಕದತ್ತ ಹಾರುವ ಕ್ಷಿಪಣಿಗೆ ಹತ್ತಿರದ ದಾರಿ ಉತ್ತರ ಧ್ರುವ ಪ್ರದೇಶದ ಮೇಲಿಂದ. ರಷ್ಯಾದ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರಕ್ಕೆ ಇಳಿಯಬೇಕಾದರೆ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಬ್ರಿಟನ್ ನಡುವಿನ ನೀರಿನಲ್ಲಿ ಹಾದುಹೋಗಬೇಕು. ಹಿಮ ಕರಗಿದಂತೆ ಹೊಸ ಹಡಗು ಮಾರ್ಗಗಳು ತೆರೆದುಕೊಳ್ಳುತ್ತಿವೆ. ನೆಲದಡಿ ವಿರಳ ಭೂಧಾತುಗಳ ನಿಕ್ಷೇಪವಿದೆ.

ಆದರೆ ಇದಕ್ಕೆಲ್ಲ ಮಾಲೀಕತ್ವವೇ ಬೇಕೆ? 1951ರ ಏಪ್ರಿಲ್ 27ರಂದು ಎರಡೂ ದೇಶಗಳು ಸಹಿ ಹಾಕಿದ ರಕ್ಷಣಾ ಒಪ್ಪಂದ ಇಂದಿಗೂ ಜಾರಿಯಲ್ಲಿದೆ. ಗೊತ್ತುಮಾಡಿದ ರಕ್ಷಣಾ ಪ್ರದೇಶಗಳಲ್ಲಿ ನೆಲೆ ಕಟ್ಟಲು, ಸೈನಿಕರನ್ನು ಇರಿಸಲು, ವಿಮಾನ ಮತ್ತು ಹಡಗುಗಳನ್ನು ಓಡಿಸಲು ಅದು ಅಮೆರಿಕಕ್ಕೆ ವಿಶಾಲ ಹಕ್ಕು ಕೊಟ್ಟಿದೆ. ಶೀತಲ ಸಮರದ ಉತ್ತುಂಗದಲ್ಲಿ ಅಲ್ಲಿ ಹತ್ತಾರು ಅಮೆರಿಕನ್ ನೆಲೆಗಳೂ ಸಾವಿರಾರು ಸೈನಿಕರೂ ಇದ್ದರು. ಇಂದು ಉಳಿದಿರುವುದು ವಾಯವ್ಯ ತೀರದ ಪಿಟುಫಿಕ್ ನೆಲೆ ಒಂದೇ. ಅಲ್ಲಿನ ಅಮೆರಿಕನ್ ಯೋಧರ ಸಂಖ್ಯೆ ಇನ್ನೂರರ ಆಸುಪಾಸು. ಹಳೆಯ ಹೆಸರು ಥೂಲೆ. ಕ್ಷಿಪಣಿ ದಾಳಿಯ ಮುನ್ಸೂಚನೆ ನೀಡುವ ರೇಡಾರ್ ಇಲ್ಲಿದೆ.

ಅಂದರೆ ಸೈನಿಕರನ್ನು ಕಡಿಮೆ ಮಾಡಿದ್ದು ಡೆನ್ಮಾರ್ಕ್ ಅಲ್ಲ, ಅಮೆರಿಕವೇ. ನಾಳೆ ಹೆಚ್ಚಿಸಬೇಕೆಂದರೂ ಕೇಳಿದರೆ ಸಾಕು. ಗಣಿಗಾರಿಕೆಗೂ ಅಷ್ಟೇ. ಪರವಾನಗಿ ಕೊಡುವುದು ಗ್ರೀನ್‌ಲ್ಯಾಂಡ್ ಸರ್ಕಾರ. ಅಮೆರಿಕನ್ ಕಂಪನಿಗಳು ಬರಬಾರದೆಂದು ಯಾರೂ ಬಾಗಿಲು ಹಾಕಿಲ್ಲ. ಕೊರೆಯುವ ಚಳಿ, ರಸ್ತೆಯಿಲ್ಲದ ನಾಡು, ಕೆಲಸಗಾರರ ಕೊರತೆಯಿಂದಾಗಿ ಗಣಿಗಳು ಏಳುತ್ತಿಲ್ಲವೇ ಹೊರತು ಭೂಪಟದ ಬಣ್ಣದಿಂದಲ್ಲ. ಹಾಗಾಗಿ ಭದ್ರತೆ, ಖನಿಜ ಎಂಬ ಎರಡೂ ವಾದಗಳು ಮಾಲೀಕತ್ವದ ಹಟವನ್ನು ಪೂರ್ತಿ ವಿವರಿಸುವುದಿಲ್ಲ. ಟ್ರಂಪ್ ಅವರೇ ಹೇಳಿಕೊಂಡಂತೆ, ಗುತ್ತಿಗೆಯ ಜಾಗಕ್ಕಿಂತ ಸ್ವಂತದ ಜಾಗವನ್ನು ಕಾಯುವುದು ಬೇರೆ ಎಂಬ ಆಸ್ತಿ ವ್ಯವಹಾರದ ದೃಷ್ಟಿ ಇದರ ಹಿಂದಿದೆ.

ಮಾರಾಟ ಹೊಸದಲ್ಲ, ತರಂಗಂಬಾಡಿಯೂ ಮಾರಾಟವಾಗಿತ್ತು

ನೆಲ ಮಾರುವುದು ಡೆನ್ಮಾರ್ಕ್‌ಗೆ ಹೊಸ ವಿಷಯವೇನಲ್ಲ. ಚೆನ್ನೈನಲ್ಲಿರುವ ಓದುಗರು ಪೂರ್ವ ಕರಾವಳಿ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ತರಂಗಂಬಾಡಿ ಸಿಗುತ್ತದೆ. ಸಮುದ್ರದಂಚಿನಲ್ಲಿ ನಿಂತಿರುವ ಡಾನ್ಸ್‌ಬೋರ್ಗ್ ಕೋಟೆಯನ್ನು ಡ್ಯಾನಿಶರು ಕಟ್ಟಲು ಶುರುಮಾಡಿದ್ದು 1620ರಲ್ಲಿ. ಎರಡು ಶತಮಾನ ವ್ಯಾಪಾರ ನಡೆಸಿ, 1845ರಲ್ಲಿ ತರಂಗಂಬಾಡಿಯನ್ನೂ ಬಂಗಾಳದ ಶ್ರೀರಾಮಪುರವನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗೆ ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅಲ್ಲಿನ ಮೀನುಗಾರರನ್ನಾಗಲಿ ನೇಕಾರರನ್ನಾಗಲಿ ಯಾರೂ ಕೇಳಲಿಲ್ಲ.

1917ರಲ್ಲಿ ಇದೇ ಕಥೆ ಕೆರಿಬಿಯನ್‌ನಲ್ಲಿ ಮರುಕಳಿಸಿತು. ಸೇಂಟ್ ಥಾಮಸ್, ಸೇಂಟ್ ಜಾನ್, ಸೇಂಟ್ ಕ್ರೋಯಿ ದ್ವೀಪಗಳನ್ನು ಡೆನ್ಮಾರ್ಕ್ ಎರಡೂವರೆ ಕೋಟಿ ಡಾಲರ್ ಚಿನ್ನಕ್ಕೆ ಅಮೆರಿಕಕ್ಕೆ ಮಾರಿತು. ಇಂದಿನ ಅಮೆರಿಕನ್ ವರ್ಜಿನ್ ದ್ವೀಪಗಳು ಅವೇ. ಮಾರಾಟದ ಬಗ್ಗೆ ಡೆನ್ಮಾರ್ಕ್‌ನಲ್ಲಿ ಜನಮತಗಣನೆ ನಡೆಯಿತು. ಆದರೆ ದ್ವೀಪವಾಸಿಗಳಿಗೆ ಅದರಲ್ಲಿ ಮತವಿರಲಿಲ್ಲ. ಆ ವ್ಯವಹಾರದ ಭಾಗವಾಗಿ ಅಮೆರಿಕ ಒಂದು ಘೋಷಣೆ ಮಾಡಿತ್ತು: ಇಡೀ ಗ್ರೀನ್‌ಲ್ಯಾಂಡ್ ಮೇಲೆ ಡೆನ್ಮಾರ್ಕ್ ತನ್ನ ಹಿತಾಸಕ್ತಿ ವಿಸ್ತರಿಸಲು ತನ್ನ ಆಕ್ಷೇಪವಿಲ್ಲ. ಇಂದು ಅಮೆರಿಕ ಯಾವ ಹಕ್ಕನ್ನು ಪ್ರಶ್ನಿಸುತ್ತಿದೆಯೋ ಅದನ್ನು ನೂರು ವರ್ಷದ ಹಿಂದೆ ತಾನೇ ಬರವಣಿಗೆಯಲ್ಲಿ ಒಪ್ಪಿಕೊಂಡಿತ್ತು.

ಎರಡನೇ ಮಹಾಯುದ್ಧ ಸಂಬಂಧದ ದಿಕ್ಕನ್ನೇ ಬದಲಿಸಿತು. 1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿತು. ಸರಿಯಾಗಿ ಒಂದು ವರ್ಷಕ್ಕೆ, ವಾಷಿಂಗ್ಟನ್‌ನಲ್ಲಿದ್ದ ಡ್ಯಾನಿಶ್ ರಾಯಭಾರಿ ಹೆನ್ರಿಕ್ ಕೌಫ್‌ಮನ್ ತನ್ನ ಸರ್ಕಾರದ ಅನುಮತಿ ಇಲ್ಲದೆಯೇ ಗ್ರೀನ್‌ಲ್ಯಾಂಡ್‌ನಲ್ಲಿ ನೆಲೆ ಕಟ್ಟಲು ಅಮೆರಿಕಕ್ಕೆ ಅವಕಾಶ ಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಜರ್ಮನರ ಹಿಡಿತದಲ್ಲಿದ್ದ ಕೋಪನ್‌ಹೇಗನ್ ಸರ್ಕಾರ ಅವರನ್ನು ವಜಾ ಮಾಡಿ ದೇಶದ್ರೋಹದ ಆರೋಪ ಹೊರಿಸಿತು. ಯುದ್ಧ ಮುಗಿದ ಮೇಲೆ ಅದೇ ಒಪ್ಪಂದವನ್ನು ಡೆನ್ಮಾರ್ಕ್ ಸಂಸತ್ತು ಅನುಮೋದಿಸಿತು. ಅಪಾಯ ಮುಗಿಯುವವರೆಗೆ ಎಂಬ ಷರತ್ತಿನೊಡನೆ ಬಂದ ಅಮೆರಿಕ ಅಪಾಯ ಮುಗಿದರೂ ಹೋಗಲಿಲ್ಲ. 1946ರಲ್ಲಿ ಹತ್ತು ಕೋಟಿ ಡಾಲರ್ ಚಿನ್ನ ಕೊಡುತ್ತೇವೆ, ಮಾರಿಬಿಡಿ ಎಂದಿತು. ಡೆನ್ಮಾರ್ಕ್ ಮಾರಲಿಲ್ಲ, ಆದರೆ ಹೊರಗೂ ಕಳಿಸಲಿಲ್ಲ. 1949ರಲ್ಲಿ ನ್ಯಾಟೊದ ಸ್ಥಾಪಕ ಸದಸ್ಯನಾಯಿತು, 1951ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು.

ಡೆನ್ಮಾರ್ಕ್ ಕೈಯಲ್ಲಿದ್ದ ತುರುಪು

ಅಲ್ಲಿಂದಾಚೆ ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್‌ಗೆ ರಾಜತಾಂತ್ರಿಕ ತುರುಪು ಕಾರ್ಡ್ ಆಯಿತು. ರಕ್ಷಣೆಗೆ ಹೆಚ್ಚು ಖರ್ಚು ಮಾಡದಿದ್ದರೂ ವಾಷಿಂಗ್ಟನ್‌ನಲ್ಲಿ ಆ ಪುಟ್ಟ ದೇಶಕ್ಕೆ ತನ್ನ ಗಾತ್ರ ಮೀರಿದ ಮಾನ್ಯತೆ ಸಿಕ್ಕಿದ್ದರಲ್ಲಿ ಈ ನೆಲದ ಪಾತ್ರ ದೊಡ್ಡದು. ಅದಕ್ಕೆ ಬೆಲೆ ತೆತ್ತವರು ಮಾತ್ರ ಬೇರೆ.

1953ರಲ್ಲಿ ಥೂಲೆ ನೆಲೆಯ ವಿಸ್ತರಣೆಗಾಗಿ ಅಲ್ಲಿನ ನೂರಕ್ಕೂ ಹೆಚ್ಚು ಇನುಯಿಟ್ ಬೇಟೆಗಾರರನ್ನು ಕೆಲವೇ ದಿನಗಳ ಅವಧಿ ಕೊಟ್ಟು ಒಕ್ಕಲೆಬ್ಬಿಸಿ ಉತ್ತರಕ್ಕೆ ಕಳಿಸಲಾಯಿತು. ಅದೇ ವರ್ಷ ಜಾರಿಗೆ ಬಂದ ಸಂವಿಧಾನ ಗ್ರೀನ್‌ಲ್ಯಾಂಡನ್ನು ವಸಾಹತು ಎಂಬ ಹಣೆಪಟ್ಟಿಯಿಂದ ಬಿಡಿಸಿ ಡೆನ್ಮಾರ್ಕ್‌ನ ಭಾಗವೆಂದು ಸಾರಿತು. ಪರಿಹಾರ ಕೊಡಬೇಕೆಂದು ಡ್ಯಾನಿಶ್ ನ್ಯಾಯಾಲಯ ಹೇಳುವ ಹೊತ್ತಿಗೆ 1999 ಬಂದಿತ್ತು.

1968ರ ಜನವರಿ 21ರಂದು ನಾಲ್ಕು ಹೈಡ್ರೋಜನ್ ಬಾಂಬ್ ಹೊತ್ತ ಅಮೆರಿಕದ ಬಿ-52 ವಿಮಾನ ಥೂಲೆ ಬಳಿ ಹಿಮದ ಮೇಲೆ ಅಪ್ಪಳಿಸಿತು. ಪರಮಾಣು ಸ್ಫೋಟವಾಗಲಿಲ್ಲ, ಆದರೆ ಪ್ಲುಟೋನಿಯಂ ಹರಡಿತು. ತನ್ನ ನೆಲದಲ್ಲಿ ಅಣ್ವಸ್ತ್ರಗಳಿಗೆ ಜಾಗವಿಲ್ಲ ಎಂಬುದು ಡೆನ್ಮಾರ್ಕ್‌ನ ಘೋಷಿತ ನೀತಿ. ಆದರೆ 1957ರಲ್ಲೇ ಅಂದಿನ ಪ್ರಧಾನಿ ಎಚ್.ಸಿ. ಹಾನ್ಸೆನ್, ಗ್ರೀನ್‌ಲ್ಯಾಂಡ್ ಮಟ್ಟಿಗೆ ಕಂಡೂ ಕಾಣದಂತೆ ಇರುತ್ತೇವೆ ಎಂಬರ್ಥದ ರಹಸ್ಯ ಪತ್ರವನ್ನು ಅಮೆರಿಕಕ್ಕೆ ಕೊಟ್ಟಿದ್ದು 1995ರಲ್ಲಿ ಬಯಲಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನೀತಿ ಅದು. ಡೆನ್ಮಾರ್ಕ್ ಜನರಿಗೆ ಒಂದು ಮಾತು, ಅಮೆರಿಕಕ್ಕೆ ಇನ್ನೊಂದು ಮಾತು. ಗ್ರೀನ್‌ಲ್ಯಾಂಡ್ ಜನರಿಗೆ ಮಾತೇ ಇಲ್ಲ.

ಶೀತಲ ಸಮರ ಮುಗಿದ ಮೇಲೆ ಡೆನ್ಮಾರ್ಕ್ ತನ್ನ ನಿಷ್ಠೆಯನ್ನು ಯುದ್ಧಭೂಮಿಯಲ್ಲೇ ತೋರಿಸಿತು. ಬಾಲ್ಕನ್, ಅಫ್ಘಾನಿಸ್ತಾನ, ಇರಾಕ್, ಹೀಗೆ ಅಮೆರಿಕ ಕರೆದ ಕಡೆ ಹೋಯಿತು. 2003ರಲ್ಲಿ ಫ್ರಾನ್ಸ್, ಜರ್ಮನಿ ಇರಾಕ್ ಯುದ್ಧ ವಿರೋಧಿಸಿದಾಗಲೂ ಡೆನ್ಮಾರ್ಕ್ ಅಮೆರಿಕದ ಪಕ್ಕ ನಿಂತಿತು. ಡ್ಯಾನಿಶ್ ಗುಪ್ತಚರ ಸಂಸ್ಥೆಯ ನೆರವಿನಿಂದ ಅಮೆರಿಕ, ಜರ್ಮನಿಯ ಅಂದಿನ ಚಾನ್ಸಲರ್ ಏಂಜೆಲಾ ಮರ್ಕೆಲ್ ಸೇರಿ ನೆರೆಯ ದೇಶಗಳ ನಾಯಕರ ಮೇಲೆ ಕಣ್ಣಿಟ್ಟಿತ್ತು ಎಂದು ಡೆನ್ಮಾರ್ಕ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ 2021ರಲ್ಲಿ ವರದಿ ಮಾಡಿತು. ಇದಕ್ಕಿಂತ ಹೆಚ್ಚಿನ ನಿಷ್ಠೆಯನ್ನು ಯಾವ ಮಿತ್ರನಿಂದ ನಿರೀಕ್ಷಿಸಬಹುದು?

ತಮಾಷೆಯಿಂದ ಬೆದರಿಕೆಗೆ

2019ರ ಆಗಸ್ಟ್‌ನಲ್ಲಿ ಟ್ರಂಪ್ ಗ್ರೀನ್‌ಲ್ಯಾಂಡ್ ಕೊಳ್ಳುವ ಮಾತೆತ್ತಿದಾಗ ಫ್ರೆಡರಿಕ್ಸನ್ ಅದನ್ನು ಅಸಂಬದ್ಧ ಎಂದರು. ಸಿಟ್ಟಾದ ಟ್ರಂಪ್ ಡೆನ್ಮಾರ್ಕ್ ಪ್ರವಾಸವನ್ನೇ ರದ್ದು ಮಾಡಿದರು. ಆಗ ಜಗತ್ತು ನಕ್ಕು ಮರೆಯಿತು. 2024ರ ಡಿಸೆಂಬರ್‌ನಲ್ಲಿ, ಎರಡನೇ ಅವಧಿಗೆ ಆಯ್ಕೆಯಾದ ಮೇಲೆ, ಗ್ರೀನ್‌ಲ್ಯಾಂಡ್ ಒಡೆತನ ಅತ್ಯಗತ್ಯ ಎಂದು ಅವರು ಮತ್ತೆ ಬರೆದರು. 2025ರ ಜನವರಿಯಲ್ಲಿ, ಸೇನಾ ಬಲ ಬಳಸುವುದಿಲ್ಲ ಎಂಬ ಭರವಸೆ ಕೊಡಲು ನಿರಾಕರಿಸಿದರು. ಮಾರ್ಚ್ 28ರಂದು ವ್ಯಾನ್ಸ್ ಪಿಟುಫಿಕ್‌ಗೆ ಬಂದು, ಡೆನ್ಮಾರ್ಕ್ ಗ್ರೀನ್‌ಲ್ಯಾಂಡ್ ಜನರನ್ನು ಸರಿಯಾಗಿ ನೋಡಿಕೊಂಡಿಲ್ಲ ಎಂದು ಅಲ್ಲಿ ನಿಂತೇ ಟೀಕಿಸಿದರು. ಆಗಸ್ಟ್‌ನಲ್ಲಿ, ಟ್ರಂಪ್ ಜೊತೆ ನಂಟಿರುವ ಅಮೆರಿಕನ್ನರು ಗ್ರೀನ್‌ಲ್ಯಾಂಡ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಪ್ರಭಾವ ಬೀರುವ ಕಾರ್ಯಾಚರಣೆ ನಡೆಸುತ್ತಿದ್ದಾರೆಂಬ ವರದಿ ಬಂದಾಗ, ಡೆನ್ಮಾರ್ಕ್ ಅಮೆರಿಕದ ಹಿರಿಯ ರಾಜತಾಂತ್ರಿಕರನ್ನು ಕರೆಸಿ ವಿವರಣೆ ಕೇಳಿತು. ಡಿಸೆಂಬರ್‌ನಲ್ಲಿ ಲೂಯಿಸಿಯಾನ ರಾಜ್ಯಪಾಲ ಜೆಫ್ ಲ್ಯಾಂಡ್ರಿ ಗ್ರೀನ್‌ಲ್ಯಾಂಡ್‌ಗೆ ವಿಶೇಷ ದೂತರಾಗಿ ನೇಮಕವಾದರು.

ಅದೇ ತಿಂಗಳು ಡೆನ್ಮಾರ್ಕ್‌ನ ಸೇನಾ ಗುಪ್ತಚರ ಸಂಸ್ಥೆಯ ವಾರ್ಷಿಕ ವರದಿ ಹೊರಬಿತ್ತು. ಅಮೆರಿಕ ತನ್ನ ಇಚ್ಛೆ ಸಾಧಿಸಲು ಸುಂಕದ ಬೆದರಿಕೆ ಸೇರಿದಂತೆ ಆರ್ಥಿಕ ಶಕ್ತಿಯನ್ನು ಬಳಸುತ್ತಿದೆ, ಮಿತ್ರರ ವಿರುದ್ಧವೂ ಸೇನಾ ಬಲದ ಸಾಧ್ಯತೆಯನ್ನು ತಳ್ಳಿಹಾಕುತ್ತಿಲ್ಲ ಎಂದು ಅದರಲ್ಲಿತ್ತು. ಎಪ್ಪತ್ತೈದು ವರ್ಷ ಕಾವಲುಗಾರ ಎಂದು ನಂಬಿದ ದೇಶದ ಹೆಸರು ಅಪಾಯಗಳ ಪಟ್ಟಿಯಲ್ಲಿ ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎಂಬ ಸ್ಥಿತಿ.

ವಿಚಿತ್ರವೆಂದರೆ, ಇಷ್ಟಾದರೂ ಡೆನ್ಮಾರ್ಕ್ ಅಮೆರಿಕದಿಂದ ದೂರ ಸರಿಯಲಾಗಲಿಲ್ಲ. 2025ರ ಜೂನ್‌ನಲ್ಲಿ ಅದರ ಸಂಸತ್ತು, ಡೆನ್ಮಾರ್ಕ್ ನೆಲದಲ್ಲೇ ಮೂರು ವಾಯುನೆಲೆಗಳನ್ನು ಅಮೆರಿಕನ್ ಪಡೆಗಳು ಬಳಸಬಹುದಾದ ಒಪ್ಪಂದವನ್ನು ಅನುಮೋದಿಸಿತು. ಅಕ್ಟೋಬರ್‌ನಲ್ಲಿ ಇನ್ನೂ 16 ಅಮೆರಿಕನ್ ಎಫ್-35 ಯುದ್ಧವಿಮಾನ ಕೊಳ್ಳಲು ನಿರ್ಧರಿಸಿತು. ರಷ್ಯಾದ ಭಯ ಒಂದು ಕಡೆ, ಅಮೆರಿಕದ ಆಸೆ ಇನ್ನೊಂದು ಕಡೆ. ಆದರೂ ಒಂದು ಬದಲಾವಣೆ ಕಂಡಿತು. ಅದೇ ಸೆಪ್ಟೆಂಬರ್‌ನಲ್ಲಿ ದೂರಗಾಮಿ ವಾಯುರಕ್ಷಣೆಗೆ ಡೆನ್ಮಾರ್ಕ್ ಅಮೆರಿಕದ ಪೇಟ್ರಿಯಟ್ ಬಿಟ್ಟು ಫ್ರಾನ್ಸ್ ಮತ್ತು ಇಟಲಿ ತಯಾರಿಸುವ ವ್ಯವಸ್ಥೆಯನ್ನು ಆರಿಸಿಕೊಂಡಿತು.

ನೂಕ್‌ನ ಮಾತು ಏನು?

ಈ ಜಗಳವನ್ನು ವಾಷಿಂಗ್ಟನ್ ಮತ್ತು ಕೋಪನ್‌ಹೇಗನ್ ನಡುವಿನದೆಂದು ಮಾತ್ರ ನೋಡಿದರೆ ಮುಖ್ಯವಾದುದು ಕಣ್ತಪ್ಪುತ್ತದೆ. 1845ಕ್ಕೂ 1917ಕ್ಕೂ ಇಂದಿಗೂ ಇರುವ ವ್ಯತ್ಯಾಸ ಒಂದೇ: ಈಗ ಆ ನೆಲದ ಜನರಿಗೆ ಕಾನೂನಿನ ದನಿ ಇದೆ. 1979ರಲ್ಲಿ ಗ್ರೀನ್‌ಲ್ಯಾಂಡ್‌ಗೆ ಸ್ವಯಮಾಡಳಿತ ಸಿಕ್ಕಿತು. 2009ರ ಕಾಯಿದೆ ಅದನ್ನು ವಿಸ್ತರಿಸಿ, ಖನಿಜಗಳ ಹಕ್ಕನ್ನು ಕೊಟ್ಟು, ಜನಮತಗಣನೆ ಮೂಲಕ ಸ್ವತಂತ್ರವಾಗುವ ದಾರಿಯನ್ನೂ ಗುರುತಿಸಿತು. ಅಂದರೆ ಡೆನ್ಮಾರ್ಕ್ ಮನಸ್ಸು ಮಾಡಿದರೂ ಗ್ರೀನ್‌ಲ್ಯಾಂಡನ್ನು ಮಾರಲು ಅದಕ್ಕೆ ಅಧಿಕಾರವಿಲ್ಲ.

ಡೆನ್ಮಾರ್ಕ್ ಬಗ್ಗೆ ಗ್ರೀನ್‌ಲ್ಯಾಂಡ್ ಜನರಿಗೆ ಮುನಿಸಿಲ್ಲವೆಂದಲ್ಲ. 1960 ಮತ್ತು 70ರ ದಶಕದಲ್ಲಿ ಡ್ಯಾನಿಶ್ ವೈದ್ಯರು ಸಾವಿರಾರು ಗ್ರೀನ್‌ಲ್ಯಾಂಡ್ ಮಹಿಳೆಯರಿಗೆ, ಶಾಲಾ ಬಾಲಕಿಯರಿಗೆ ಕೂಡ, ಒಪ್ಪಿಗೆ ಪಡೆಯದೆ ಗರ್ಭನಿರೋಧಕ ಸಾಧನ ಅಳವಡಿಸಿದ್ದರು. ಇದಕ್ಕಾಗಿ ಫ್ರೆಡರಿಕ್ಸನ್ ನೂಕ್‌ಗೆ ಹೋಗಿ ಆ ಮಹಿಳೆಯರ ಮುಂದೆ ಕ್ಷಮೆ ಕೇಳಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಮೆರಿಕದ ಒತ್ತಡ ಇರದಿದ್ದರೆ ಆ ಕ್ಷಮೆ ಅಷ್ಟು ಬೇಗ ಬರುತ್ತಿತ್ತೇ ಎಂಬ ಪ್ರಶ್ನೆ ಸಹಜ. ಅಲ್ಲಿನ ಪ್ರಮುಖ ಪಕ್ಷಗಳೆಲ್ಲ ಒಂದಲ್ಲ ಒಂದು ದಿನ ಸ್ವಾತಂತ್ರ್ಯ ಬೇಕೆನ್ನುತ್ತವೆ. ಆದರೆ ಸರ್ಕಾರದ ಬಜೆಟ್‌ನ ಅರ್ಧದಷ್ಟು ಬರುವುದು ಡೆನ್ಮಾರ್ಕ್ ಪ್ರತಿವರ್ಷ ಕೊಡುವ ಸುಮಾರು 400 ಕೋಟಿ ಕ್ರೋನರ್ ಅನುದಾನದಿಂದ. ರಫ್ತಿನ ಶೇ 90ಕ್ಕೂ ಹೆಚ್ಚು ಭಾಗ ಮೀನು ಮತ್ತು ಸಿಗಡಿ.

ಆದರೆ ಡೆನ್ಮಾರ್ಕ್‌ನಿಂದ ಬಿಡಿಸಿಕೊಳ್ಳುವ ಬಯಕೆಯನ್ನು ಅಮೆರಿಕ ಸೇರುವ ಬಯಕೆ ಎಂದು ಓದಿದ್ದು ವಾಷಿಂಗ್ಟನ್ ಮಾಡಿದ ದೊಡ್ಡ ತಪ್ಪು. 2025ರ ಜನವರಿಯ ಸಮೀಕ್ಷೆಯಲ್ಲಿ ಶೇ 85ರಷ್ಟು ಜನ ಅಮೆರಿಕದ ಭಾಗವಾಗಲು ಒಲ್ಲೆವೆಂದರು. ಬೇಕೆಂದವರು ಶೇ 6. ಮಾರ್ಚ್ ಚುನಾವಣೆಯಲ್ಲಿ ಗೆದ್ದದ್ದು ಸ್ವಾತಂತ್ರ್ಯಕ್ಕೆ ಅವಸರ ಬೇಡ ಎನ್ನುವ ಡೆಮೊಕ್ರಾಟಿಟ್ ಪಕ್ಷ. ಅದರ ನಾಯಕ, ಪ್ರಧಾನಿ ಜೆನ್ಸ್ ಫ್ರೆಡರಿಕ್ ನೀಲ್ಸನ್ 2026ರ ಜನವರಿ 13ರಂದು ಕೋಪನ್‌ಹೇಗನ್‌ನಲ್ಲಿ ಫ್ರೆಡರಿಕ್ಸನ್ ಪಕ್ಕದಲ್ಲೇ ನಿಂತು, ಇಲ್ಲಿ ಈಗ ಅಮೆರಿಕ ಮತ್ತು ಡೆನ್ಮಾರ್ಕ್ ನಡುವೆ ಆರಿಸಲೇಬೇಕೆಂದರೆ ನಮ್ಮ ಆಯ್ಕೆ ಡೆನ್ಮಾರ್ಕ್ ಎಂದು ಸ್ಪಷ್ಟವಾಗಿ ಹೇಳಿದರು. ಟ್ರಂಪ್ ಒತ್ತಡ ಡೆನ್ಮಾರ್ಕ್ ಮತ್ತು ಗ್ರೀನ್‌ಲ್ಯಾಂಡ್ ನಡುವಿನ ಬಿರುಕನ್ನು ಹಿಗ್ಗಿಸುವ ಬದಲು, ಸದ್ಯಕ್ಕಾದರೂ, ಮುಚ್ಚಿತು.

ಜನವರಿಯಲ್ಲಿ ಡೆನ್ಮಾರ್ಕನ್ನು ಕಾದದ್ದು ಯಾವುದು?

ಎಪ್ಪತ್ತೈದು ವರ್ಷದ ನಿಷ್ಠೆ ಅದನ್ನು ಕಾಯಲಿಲ್ಲ ಎಂಬುದು ಮೊದಲ ಪಾಠ. ಹೆಲ್ಮಂಡ್‌ನ ತ್ಯಾಗ ಶ್ವೇತಭವನದ ಲೆಕ್ಕದಲ್ಲಿ ಬರಲೇ ಇಲ್ಲ. ನ್ಯಾಟೊ ಒಪ್ಪಂದದ ಐದನೇ ವಿಧಿ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುತ್ತದೆ. ಅದನ್ನು ಇದುವರೆಗೆ ಜಾರಿ ಮಾಡಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಮೆರಿಕದ ನೆರವಿಗೆ. ದಾಳಿಯ ಬೆದರಿಕೆ ಒಕ್ಕೂಟದ ಒಳಗಿಂದಲೇ, ಅದೂ ಅತಿ ದೊಡ್ಡ ಸದಸ್ಯನಿಂದ ಬಂದರೆ ಏನು ಮಾಡಬೇಕೆಂಬುದಕ್ಕೆ ಆ ವಿಧಿಯಲ್ಲಿ ಉತ್ತರವಿಲ್ಲ.

ಕಾದದ್ದು ಬೇರೆ ಮೂರು ಸಂಗತಿ. ಒಂದು, ಡೆನ್ಮಾರ್ಕ್ ಒಂಟಿಯಾಗಿರಲಿಲ್ಲ. ಅದರ ಹಿಂದೆ ಅಮೆರಿಕಕ್ಕೆ ನಷ್ಟ ಉಂಟುಮಾಡಬಲ್ಲ ಐರೋಪ್ಯ ಮಾರುಕಟ್ಟೆ ಇತ್ತು. ಎರಡು, ನೂಕ್ ಮತ್ತು ಕೋಪನ್‌ಹೇಗನ್ ಒಂದೇ ದನಿಯಲ್ಲಿ ಮಾತಾಡಿದವು. ಮೂರು, ಅಮೆರಿಕದೊಳಗೇ ವಿರೋಧವಿತ್ತು. ರಿಪಬ್ಲಿಕನ್ ಪಕ್ಷದ ಕೆಲವು ಸಂಸದರೂ ಮಿತ್ರದೇಶದ ಮೇಲೆ ಬಲಪ್ರಯೋಗ ಸಲ್ಲದು ಎಂದರು. ಈ ಮೂರರಲ್ಲಿ ಒಂದೂ ಇಲ್ಲದ ಸಣ್ಣ ದೇಶದ ಪಾಡನ್ನು ಊಹಿಸಿಕೊಳ್ಳಬಹುದು.

ಟ್ರಂಪ್ ವಾದದಲ್ಲಿ ಹುರುಳೇ ಇಲ್ಲವೆನ್ನುವಂತಿಲ್ಲ. ಆರ್ಕ್‌ಟಿಕ್ ರಕ್ಷಣೆಯನ್ನು ಡೆನ್ಮಾರ್ಕ್ ದಶಕಗಳ ಕಾಲ ಕಡೆಗಣಿಸಿದ್ದು ನಿಜ. ನಾಯಿ ಎಳೆಯುವ ಹಿಮಬಂಡಿಗಳಲ್ಲಿ ಗಸ್ತು ತಿರುಗುವ ಸಿರಿಯಸ್ ಪಡೆಯನ್ನು ಟ್ರಂಪ್ ಹಂಗಿಸಿದ್ದು ಇದೇ ಕಾರಣಕ್ಕೆ. ಡೆನ್ಮಾರ್ಕ್ 2025ರಲ್ಲಿ ಎರಡು ಕಂತಿನಲ್ಲಿ ಆರ್ಕ್‌ಟಿಕ್ ರಕ್ಷಣೆಗೆ 4,000 ಕೋಟಿಗೂ ಹೆಚ್ಚು ಕ್ರೋನರ್ ತೆಗೆದಿಟ್ಟಿದ್ದು ಆ ತಪ್ಪನ್ನು ಒಪ್ಪಿಕೊಂಡಂತೆಯೇ. ಆದರೆ ನೆರೆಯವನ ಕಾಂಪೌಂಡ್ ಗೋಡೆ ಗಟ್ಟಿಯಿಲ್ಲ ಎಂಬುದು ಅವನ ಮನೆಯ ಪತ್ರ ಕೇಳಲು ಕಾರಣವಾಗದು.

ಭಾರತಕ್ಕೇನು ಸಂಬಂಧ?

ಭಾರತ ಅಮೆರಿಕದ ಮಿತ್ರಕೂಟದಲ್ಲಿಲ್ಲ. ಆದರೆ ಸುಂಕವನ್ನು ರಾಜಕೀಯ ಅಸ್ತ್ರವಾಗಿ ಬಳಸಿದರೆ ಹೇಗಿರುತ್ತದೆಂದು ನಮಗೂ ಗೊತ್ತು. ರಷ್ಯಾದ ತೈಲ ಕೊಂಡದ್ದಕ್ಕೆ ದಂಡವೆಂದು 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲಿನ ಸುಂಕ ಶೇ 50ಕ್ಕೆ ಏರಿತ್ತು. ದಾವೋಸ್ ಪ್ರಕರಣ ಮುಗಿದ ಆರೇ ದಿನಕ್ಕೆ, ಜನವರಿ 27ರಂದು, ವರ್ಷಗಟ್ಟಲೆ ಕುಂಟುತ್ತಿದ್ದ ಭಾರತ ಮತ್ತು ಐರೋಪ್ಯ ಒಕ್ಕೂಟದ ಮುಕ್ತ ವ್ಯಾಪಾರ ಮಾತುಕತೆ ಪೂರ್ಣಗೊಂಡಿತೆಂದು ದೆಹಲಿಯಲ್ಲಿ ಘೋಷಣೆಯಾಯಿತು. ಒಂದೇ ಬಾಗಿಲನ್ನು ನಂಬಿ ಕೂರಬಾರದೆಂಬ ಅರಿವು ಎರಡೂ ಕಡೆ ಮೂಡಿದ್ದರ ಫಲ ಅದರಲ್ಲಿದೆ.

ಆರ್ಕ್‌ಟಿಕ್ ಕೂಡ ನಮಗೆ ತೀರಾ ದೂರವಲ್ಲ. 2008ರಿಂದ ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ ಭಾರತದ ಸಂಶೋಧನಾ ಕೇಂದ್ರ ಹಿಮಾದ್ರಿ ಇದೆ. 2013ರಿಂದ ಆರ್ಕ್‌ಟಿಕ್ ಮಂಡಳಿಯಲ್ಲಿ ವೀಕ್ಷಕ ಸ್ಥಾನವಿದೆ. ಅಲ್ಲಿನ ಹಿಮಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಗಡಿಗಳು ಬಲದಿಂದ ಬದಲಾಗಬಾರದು ಎಂಬ ನಿಯಮ ಉತ್ತರ ಧ್ರುವದಲ್ಲಿ ಸಡಿಲವಾದರೆ ಹಿಮಾಲಯದಲ್ಲಿ ಅದು ಗಟ್ಟಿಯಾಗಿ ಉಳಿಯುತ್ತದೆಂದು ನಂಬುವುದು ಕಷ್ಟ.

ಮುಂದೇನು?

ಸಾರ್ವಭೌಮತ್ವ ಬಿಟ್ಟು ಉಳಿದೆಲ್ಲ ಮಾತಾಡಲು ಸಿದ್ಧ ಎಂಬುದು ಡೆನ್ಮಾರ್ಕ್ ಮತ್ತು ಗ್ರೀನ್‌ಲ್ಯಾಂಡ್ ನಿಲುವು. 1951ರ ಒಪ್ಪಂದಕ್ಕೆ ಹೊಸ ಅಂಶ ಸೇರಿಸುವುದು, ನ್ಯಾಟೊದ ಆರ್ಕ್‌ಟಿಕ್ ಕಾವಲು ಹೆಚ್ಚಿಸುವುದು, ಚೀನಾ ಮತ್ತು ರಷ್ಯಾದ ಹೂಡಿಕೆಗೆ ತಡೆ ಹಾಕುವುದು, ಇವೆಲ್ಲ ಆಗಬಹುದಾದ ಸಂಗತಿಗಳು. 2004ರಲ್ಲಿ ಆ ಒಪ್ಪಂದ ತಿದ್ದುವಾಗ ದಕ್ಷಿಣ ಗ್ರೀನ್‌ಲ್ಯಾಂಡಿನ ಇಗಾಲಿಕು ಎಂಬ ಪುಟ್ಟ ಊರಿನಲ್ಲಿ ಮೂರು ಕಡೆಯವರೂ ಕೂತು ಸಹಿ ಹಾಕಿದ್ದರು. ಹೊಸ ಒಪ್ಪಂದಕ್ಕೂ ಆ ಮೂರನೇ ಸಹಿ ಇರುತ್ತದೆಯೇ ಎಂಬುದೇ ಈಗ ನೋಡಬೇಕಾದ ವಿಷಯ.

ಒಪ್ಪಂದ ಏನೇ ಆಗಲಿ, ಮುರಿದದ್ದು ಮೊದಲಿನಂತೆ ಕೂಡುವುದು ಕಷ್ಟ. ಸುಂಕವನ್ನು ಒಂದು ದಿನದಲ್ಲಿ ಹಿಂತೆಗೆದುಕೊಳ್ಳಬಹುದು, ನಂಬಿಕೆಯನ್ನಲ್ಲ. ಕೋಪನ್‌ಹೇಗನ್‌ನ ಹೂಕುಂಡಗಳಲ್ಲಿ ಧ್ವಜಗಳು ಮತ್ತೆ ಬಂದವು. ಆದರೆ ಇನ್ನೊಂದು ಯುದ್ಧಕ್ಕೆ ವಾಷಿಂಗ್ಟನ್‌ನಿಂದ ಕರೆ ಬಂದಾಗ, ಮಕ್ಕಳನ್ನು ಕಳಿಸುವ ಮೊದಲು ಡೆನ್ಮಾರ್ಕ್‌ನ ತಾಯಂದಿರು ಆ 44 ಹೆಸರುಗಳನ್ನು ನೆನೆಯುತ್ತಾರೆ. ಅಮೆರಿಕ ಈ ಜನವರಿಯಲ್ಲಿ ಕಳೆದುಕೊಂಡದ್ದು ಅದನ್ನೇ.